ಕ್ರಯಪತ್ರದಲ್ಲಿ ಇಲ್ಲದ ಗಿಡ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿರುವ ಓದುಗರು, ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿಬರುವ ಹಿರಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್ ಕಡೆಯ ಕಾಡುದಾರಿಗಳಲ್ಲಿ ಮೇ ತಿಂಗಳಲ್ಲಿ ನಡೆಯುವಾಗ, ಸುತ್ತ ಎಲ್ಲೂ ಮನೆಯಿಲ್ಲದ ಜಾಗದಲ್ಲಿ, ಮೇಪಲ್ ಮತ್ತು ಪೈನ್ ಮರಗಳ ನಡುವೆ, ಆಳೆತ್ತರ ಮೀರಿದ ಪೊದೆಯೊಂದು ನೇರಳೆ ಹೂಗೊಂಚಲು ಬಿಟ್ಟು ನಿಂತಿರುತ್ತದೆ. ಕಣ್ಣಿಗೆ ಬೀಳುವ ಮೊದಲೇ ಅದರ ಪರಿಮಳ ಮೂಗಿಗೆ ಬಡಿಯುತ್ತದೆ. ಊರೊಳಗಿನ ಮನೆಗಳ ಮುಂದೆ ಬೆಳೆಸುವ ಲೈಲಾಕ್ ಅದು. ಕಾಡಿನಲ್ಲಿ ಅದು ತಾನಾಗಿ ಹುಟ್ಟಿತೇ, ಯಾರಾದರೂ ನೆಟ್ಟರೇ ಎಂಬುದು ಪ್ರಶ್ನೆ. ನೆಟ್ಟದ್ದೇ. ಪೊದೆಯ ಆಚೀಚೆ ಸ್ವಲ್ಪ ಹುಡುಕಿದರೆ, ಎಲೆ ತುಂಬಿಕೊಂಡ ಚೌಕ ಗುಂಡಿಯೊಂದು ಸಿಗುತ್ತದೆ. ಒಳಬದಿಗೆ ಒರಟು ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಗೋಡೆ ಕಾಣುತ್ತದೆ. ಅದು ಒಂದು ಒಕ್ಕಲುಮನೆಯ ನೆಲಮಾಳಿಗೆ. ಮರದ ಮನೆ ಕೊಳೆತೋ ಸುಟ್ಟೋ ಹೋಗಿದೆ, ಬಾವಿಯ ಬಾಯಿಗೆ ಚಪ್ಪಡಿ ಬಿದ್ದಿದೆ, ಹೊಲದ ಅಂಚಿನ ಕಲ್ಲುಬೇಲಿ ಕಾಡಿನೊಳಗೆ ಹಾದುಹೋಗಿದೆ, ಲೈಲಾಕ್ ಮಾತ್ರ ಜೀವಂತವಾಗಿದೆ. ಇಂಥ ಗಿಡವನ್ನು ಕಂಡವರು ಅದರ ಚೆಲುವಿನ ಬಗ್ಗೆ, ಹಳೆಯ ಕಾಲದ ನೆನಪಿನ ಬಗ್ಗೆ ಮಾತಾಡುತ್ತಾರೆ. ನನಗೆ ಅದು ಮೊದಲಿಗೆ ಒಂದು ದಾಖಲೆ. ಆ ಮನೆಯಲ್ಲಿ ಬಾಳಿದರೂ ಬಹುಕಾಲ ಸರ್ಕಾರಿ ಕಾಗದಗಳಲ್ಲಿ ಹೆಸರು ಕಾಣದೆ ಹೋದವರು, ಅಂದರೆ ಮನೆಯ ಹೆಂಗಸರು ಮತ್ತು ಮಕ್ಕಳು, ಆ ನೆಲದ ಮೇಲೆ ಉಳಿಸಿಹೋದ ಬರವಣಿಗೆ ಅದು. ಹಾಗೆ ಹೇಳಲು ಇರುವ ಆಧಾರಗಳು ಗಿಡದೊಳಗೇ ಇವೆ.

ಲೈಲಾಕ್ ಅಮೆರಿಕದ ಗಿಡವೇ ಅಲ್ಲ. ಅದರ ತವರು ಯುರೋಪಿನ ಆಗ್ನೇಯ ಭಾಗದ ಬಾಲ್ಕನ್ ಪ್ರದೇಶದ ಕಲ್ಲುಗುಡ್ಡಗಳು. ಅಲ್ಲಿಂದ ಅದು ಆಟೊಮನ್ ತುರ್ಕರ ತೋಟಗಳಿಗೆ ಸೇರಿತ್ತು. 1550ರ ದಶಕದಲ್ಲಿ ಸುಲ್ತಾನ ಸುಲೇಮಾನನ ಆಸ್ಥಾನಕ್ಕೆ ಹ್ಯಾಬ್ಸ್‌ಬರ್ಗ್ ದೊರೆಯ ರಾಯಭಾರಿಯಾಗಿ ಹೋಗಿದ್ದ ಒಜಿಯೇ ದ ಬುಸ್ಬೆಕ್, 1562ರಲ್ಲಿ ವಿಯೆನ್ನಾಕ್ಕೆ ಮರಳುವಾಗ ಇದನ್ನು ತಂದನೆಂಬುದು ತೋಟಗಾರಿಕೆಯ ಚರಿತ್ರೆಯಲ್ಲಿ ನೆಲೆನಿಂತ ಮಾತು. ಕಾನ್‌ಸ್ಟಾಂಟಿನೋಪಲ್ ದಾರಿಯಾಗಿ ಬಂದದ್ದರಿಂದ ಇದು ಪೂರ್ವದೇಶದ ಗಿಡವೆಂದೇ ಬಹುಕಾಲ ನಂಬಲಾಗಿತ್ತು. ಬಾಲ್ಕನ್ ಬೆಟ್ಟಗಳಲ್ಲಿ ಅದು ಕಾಡುಗಿಡವಾಗಿ ಬೆಳೆಯುವುದನ್ನು ಸಸ್ಯವಿಜ್ಞಾನಿಗಳು ಗುರುತಿಸಿದ್ದು 19ನೇ ಶತಮಾನದಲ್ಲಿ. 1590ರ ದಶಕದ ಹೊತ್ತಿಗೆ ಇಂಗ್ಲೆಂಡಿನ ತೋಟಗಳಲ್ಲಿ ಅದು ಇತ್ತು, ಅಲ್ಲಿಂದ ವಲಸೆಗಾರರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿತು. ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್‌ನಲ್ಲಿ ಗವರ್ನರ್ ಬೆನ್ನಿಂಗ್ ವೆಂಟ್‌ವರ್ತ್‌ನ ಮನೆಯಂಗಳದಲ್ಲಿ ಇರುವ ಲೈಲಾಕುಗಳನ್ನು 1750ರ ಸುಮಾರಿಗೆ ನೆಡಲಾಯಿತು ಎಂಬ ನಂಬಿಕೆಯಿದೆ. ದೇಶದ ಅತಿ ಹಳೆಯ ಲೈಲಾಕುಗಳ ಸಾಲಿನಲ್ಲಿ ಅವನ್ನು ಎಣಿಸುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ನಮ್ಮ ಮಲ್ಲಿಗೆ, ಜಾಜಿ, ಪಾರಿಜಾತಗಳ ಕುಟುಂಬಕ್ಕೇ ಸೇರಿದ್ದು. ಆಲಿವ್ ಕೂಡ ಅದೇ ಬಳಗ. ಬೆಂಗಳೂರಿನಲ್ಲಿ ಬೆಳೆಸಬಹುದೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಹೂಮೊಗ್ಗು ಅರಳಬೇಕಾದರೆ ಈ ಗಿಡಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಹವೆಯಲ್ಲಿ ಎಲೆ ಬಿಟ್ಟರೂ ಹೂವಿನ ಆಸೆ ಬೇಡ.

ದಾಖಲೆ ಎಂದೆನಲ್ಲ, ಅದನ್ನು ಓದಬೇಕಾದರೆ ಪೊದೆಯ ಬುಡವನ್ನು ಹತ್ತಿರದಿಂದ ನೋಡಬೇಕು. ನಡುವೆ ತೋಳಿನಷ್ಟು ದಪ್ಪದ, ತಿರುಚಿಕೊಂಡ, ಬೂದುಬಣ್ಣದ ತೊಗಟೆ ಎಳೆಎಳೆಯಾಗಿ ಸುಲಿದ ಹಳೆಯ ಕಾಂಡಗಳು. ಕೆಲವು ಪೊಳ್ಳಾಗಿ ಅರ್ಧ ಸತ್ತಿವೆ. ಅವುಗಳ ಸುತ್ತ ಹೆಬ್ಬೆರಳು ಗಾತ್ರದ ನೇರವಾದ ರೆಂಬೆಗಳು. ಇನ್ನೂ ಹೊರಗೆ, ಹುಲ್ಲಿನ ನಡುವೆ, ಹೃದಯದಾಕಾರದ ಎಲೆಗಳನ್ನು ಎದುರುಬದುರಾಗಿ ಜೋಡಿಸಿಕೊಂಡ ತೆಳ್ಳನೆಯ ಮರಿಗಳು. ಈ ಮರಿಗಳು ಬೀಜದಿಂದ ಹುಟ್ಟಿದವಲ್ಲ. ಬಾಳೆಯ ಬುಡದಲ್ಲಿ ಕಂದು ಏಳುವಂತೆ, ಲೈಲಾಕಿನ ಬೇರಿನಿಂದ ಮೇಲೆದ್ದು ಬರುತ್ತವೆ. ತಾಯಿಕಾಂಡ ಮುಪ್ಪಾಗಿ ಬಿದ್ದರೂ ಕಂದುಗಳು ಬೆಳೆದು ಅದರ ಜಾಗ ಹಿಡಿಯುತ್ತವೆ, ಅವುಗಳ ಬುಡದಿಂದ ಮತ್ತೆ ಕಂದುಗಳೇಳುತ್ತವೆ. ಹೀಗಾಗಿ ಒಂದೊಂದು ಕಾಂಡದ ಆಯಸ್ಸು ಕೆಲವು ದಶಕಗಳಾದರೆ, ಇಡೀ ಪೊದೆಯದು ನೂರಿನ್ನೂರು ವರ್ಷ. ವಸಂತದ ಆರಂಭದಲ್ಲಿ, ಮಂಜು ಕರಗಿ ಮಣ್ಣು ಸಡಿಲವಾದಾಗ, ಅಂಚಿನ ಒಂದು ಕಂದನ್ನು ಗುದ್ದಲಿಯಿಂದ ಬೇರುಸಮೇತ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ದರೆ ಅದು ಹಲವು ದಿನ ಬಾಡದೆ ಉಳಿಯುತ್ತದೆ. ನೆಟ್ಟ ಮೇಲೆ ಮೊದಲ ಹೂವಿಗೆ ಮೂರೋ ನಾಲ್ಕೋ ವರ್ಷ ಕಾಯಬೇಕು, ಅಷ್ಟೆ. ಗಿಡಕ್ಕೆ ದುಡ್ಡು ಕೊಡಬೇಕಾಗಿಲ್ಲ, ಕಸಿ ಕಟ್ಟುವ ವಿದ್ಯೆ ಬೇಕಾಗಿಲ್ಲ. ಬೇಕಾದದ್ದು ಕೊಡುವ ಮನಸ್ಸಿನ ಒಬ್ಬ ನೆರೆಯವಳು. ಕೈಯಿಂದ ಕೈಗೆ ದಾಟುವ ಗುಣವನ್ನು ಗಿಡವೇ ಹೊತ್ತುಕೊಂಡು ಬಂದಿದೆ ಎಂಬುದು ನನ್ನ ವಾದದ ಮೊದಲ ಆಧಾರ.

ಎರಡನೆಯದು ಗಿಡ ನಿಂತಿರುವ ಜಾಗ. ಕಾಡು ನುಂಗಿದ ಹೊಲಗಳ ನಡುವೆ, ಬಯಲಿನಲ್ಲಿ, ಲೈಲಾಕ್ ಹುಡುಕಿದರೆ ಸಿಗುವುದು ಅಪರೂಪ. ಅದು ಸಿಗುವುದು ಮನೆಯ ಬಾಗಿಲಿದ್ದ ಕಡೆ, ಅಡುಗೆಮನೆಯ ಮೂಲೆಯಲ್ಲಿ, ಬಾವಿಯ ದಾರಿಯಲ್ಲಿ, ಕಕ್ಕಸಿನ ಬದಿಯಲ್ಲಿ. ನೆಲಮಾಳಿಗೆಯ ಗುಂಡಿಯ ಅಂಚಿಗೆ ಅದು ಎಷ್ಟು ಒತ್ತಿಕೊಂಡಿರುತ್ತದೆಂದರೆ, ಎಷ್ಟೋ ಕಡೆ ಮನೆ ಹೋದಮೇಲೆ ಕಂದುಗಳು ಗುಂಡಿಯೊಳಕ್ಕೂ ಇಳಿದಿವೆ. ಅಲ್ಲಿ ಅದು ಚೆನ್ನಾಗಿ ಬದುಕಿದ್ದಕ್ಕೆ ಮಣ್ಣಿನಲ್ಲೂ ಕಾರಣವಿದೆ. ಆ ಸೀಮೆಯ ನೆಲ ಹೆಚ್ಚಾಗಿ ಗ್ರಾನೈಟ್ ಬಂಡೆಯ ಮೇಲಿನ ಹುಳಿಮಣ್ಣು. ಲೈಲಾಕಿಗೆ ಒಗ್ಗುವುದು ಸುಣ್ಣದಂಶ ಇರುವ, ನೀರು ನಿಲ್ಲದ ಮಣ್ಣು. ಸೌದೆ ಒಲೆಯ ಮನೆಗಳಲ್ಲಿ ಬೂದಿಗೆ ಬರವಿರಲಿಲ್ಲ. ಬೂದಿನೀರು ಬಸಿದು ಸೋಪು ಕಾಯಿಸಿದ ಮೇಲೆ ಉಳಿದ ಚರಟ ಹಿತ್ತಿಲಿಗೇ ಬೀಳುತ್ತಿತ್ತು. ಗೋಡೆಯ ಗಾರೆಯ ಸುಣ್ಣ ಮಳೆಗೆ ಕರಗಿ ತಳಪಾಯದ ಪಕ್ಕದ ಮಣ್ಣಿಗೆ ಇಳಿಯುತ್ತಿತ್ತು. ಹೀಗೆ ಮನೆಯ ಸುತ್ತಲ ಹತ್ತು ಹನ್ನೆರಡು ಅಡಿ ಅಗಲದ ನೆಲ, ದಿನನಿತ್ಯದ ಮನೆಗೆಲಸದಿಂದಲೇ, ಬಾಲ್ಕನ್ ಗುಡ್ಡದ ಗಿಡಕ್ಕೆ ಹಿತವಾದ ಮಣ್ಣಾಗಿ ಬದಲಾಗುತ್ತಿತ್ತು. ಮೈನಸ್ 35 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ತಡೆಯುವ ಗಿಡ ಅದು. ಒಮ್ಮೆ ಬೇರೂರಿದ ಮೇಲೆ ನೀರೆರೆಯುವ, ಗೊಬ್ಬರ ಹಾಕುವ ಗೊಡವೆಯಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಬಿಡುವೇ ಇಲ್ಲದ ಹೆಣ್ಣುಮಗಳೊಬ್ಬಳು ಹೂವಿನ ಗಿಡವೊಂದನ್ನು ಆರಿಸಿಕೊಳ್ಳಬೇಕಾದರೆ ಇದಕ್ಕಿಂತ ಒಳ್ಳೆಯ ಆಯ್ಕೆ ಆ ಚಳಿನಾಡಿನಲ್ಲಿ ಕಷ್ಟ.

ಮನೆಗಳು ಯಾಕೆ ಖಾಲಿಯಾದವು ಎಂಬುದನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಕಾಡಿನ ನಡುವಿನ ಲೈಲಾಕ್ ಅರ್ಥವಾಗುವುದಿಲ್ಲ. 18ನೇ ಶತಮಾನದ ಕೊನೆ ಮತ್ತು 19ನೆಯದರ ಮೊದಲ ಅರ್ಧದಲ್ಲಿ ನ್ಯೂ ಇಂಗ್ಲೆಂಡ್ ಎನಿಸಿಕೊಂಡ ಈ ಈಶಾನ್ಯ ರಾಜ್ಯಗಳ ಬೆಟ್ಟಗಳನ್ನು ತುದಿಯವರೆಗೆ ಕಡಿದು ಹೊಲ, ಹುಲ್ಲುಗಾವಲು ಮಾಡಲಾಯಿತು. ವರ್ಮಾಂಟಿಗೆ 1811ರಲ್ಲಿ ಮೆರಿನೊ ಕುರಿಗಳು ಬಂದಮೇಲೆ ಉಣ್ಣೆಯ ಹುಚ್ಚು ಹತ್ತಿತು. 1840ರ ಹೊತ್ತಿಗೆ ಆ ಪುಟ್ಟ ರಾಜ್ಯದಲ್ಲಿ 16 ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು, ಜನ ಮೂರು ಲಕ್ಷವೂ ಇರಲಿಲ್ಲ. ಅದರ ನಡುವೆಯೇ 1816ರ ಬೇಸಿಗೆ ಬಂತು. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಆಕಾಶ ಮಸುಕಾಗಿ, ಜೂನ್‌ನಲ್ಲಿ ಹಿಮ ಬಿದ್ದು ಬೆಳೆ ಹೋಯಿತು, ಅನೇಕ ಕುಟುಂಬಗಳು ಗಾಡಿ ಕಟ್ಟಿ ಪಶ್ಚಿಮಕ್ಕೆ ಹೊರಟವು. 1825ರಲ್ಲಿ ಈರಿ ಕಾಲುವೆ ತೆರೆದು ಓಹಾಯೊ ಕಡೆಯ ಕಲ್ಲಿಲ್ಲದ ಕಪ್ಪುಮಣ್ಣಿನ ಗೋಧಿ ಅಗ್ಗವಾಗಿ ಪೂರ್ವಕ್ಕೆ ಬರತೊಡಗಿತು, ರೈಲು ಬಂತು, ನೂಲಿನ ಗಿರಣಿಗಳು ಹಳ್ಳಿಯ ಹೆಣ್ಣುಮಕ್ಕಳನ್ನು ಕರೆದುಕೊಂಡವು, ಅಂತರ್ಯುದ್ಧ ಗಂಡುಮಕ್ಕಳನ್ನು ಕರೆದುಕೊಂಡಿತು. ಬೆಟ್ಟದ ಹೊಲ ಬಿಟ್ಟವರು ಮರಳಲಿಲ್ಲ. ಬೀಳುಬಿದ್ದ ಹುಲ್ಲುಗಾವಲಿಗೆ ಬಿಳಿ ಪೈನ್ ನುಗ್ಗಿತು. ಇವತ್ತು ನ್ಯೂ ಹ್ಯಾಂಪ್‌ಶೈರಿನ ಐದರಲ್ಲಿ ನಾಲ್ಕು ಭಾಗ ಕಾಡು. ಆ ಕಾಡನ್ನು ಆದಿಕಾಲದ್ದೆಂದು ತಿಳಿಯುವ ಪ್ರವಾಸಿಗೆ ಲೈಲಾಕ್ ನಿಜ ಹೇಳುತ್ತದೆ.

ಈಗ ಕಾಗದಪತ್ರಗಳ ಕಡೆ ನೋಡೋಣ. ಒಂದು ಒಕ್ಕಲುಮನೆಯ ಚರಿತ್ರೆ ಬರೆಯಲು ಹೊರಟವರಿಗೆ ಸಿಗುವುದು ಜಮೀನಿನ ಕ್ರಯಪತ್ರ, ತೆರಿಗೆ ಪಟ್ಟಿ, ಯಜಮಾನ ಸತ್ತಮೇಲೆ ನ್ಯಾಯಾಲಯಕ್ಕೆ ಸಲ್ಲಿಸಿದ ಆಸ್ತಿಪಟ್ಟಿ, ಜನಗಣತಿ. ಇಂಗ್ಲಿಷ್ ಕಾನೂನಿನಿಂದ ಬಂದ ನಿಯಮದಂತೆ ಮದುವೆಯಾದ ಹೆಂಗಸಿಗೆ ಸ್ವಂತ ಹೆಸರಿನಲ್ಲಿ ಆಸ್ತಿ ನಡೆಸುವ ಹಕ್ಕಿರಲಿಲ್ಲ. ನ್ಯೂಯಾರ್ಕ್ ರಾಜ್ಯ ಅದನ್ನು ಸಡಿಲಿಸಿದ್ದೇ 1848ರಲ್ಲಿ. 1790ರಿಂದ 1840ರವರೆಗಿನ ಆರು ಜನಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆದು, ಉಳಿದವರನ್ನು ವಯಸ್ಸಿನ ಅಂಕಣಗಳಲ್ಲಿ ಬರೀ ಸಂಖ್ಯೆಯಾಗಿ ತುಂಬಿದರು. ಗುಲಾಮರಲ್ಲದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡದ್ದು 1850ರಲ್ಲಿ ಮೊದಲು. 1850ರ ದಶಕದಿಂದ ಮುದ್ರಣವಾದ ಕೌಂಟಿ ನಕ್ಷೆಗಳಲ್ಲಿ ಪ್ರತಿ ಮನೆಗೂ ಒಂದು ಕಪ್ಪು ಚುಕ್ಕಿ, ಪಕ್ಕದಲ್ಲಿ ಮತ್ತೆ ಯಜಮಾನನ ಹೆಸರು. ಆಸ್ತಿಪಟ್ಟಿಯಲ್ಲಿ ಹಸು, ಕೊಡಲಿ, ಹಾಸಿಗೆ, ಮುರಿದ ಕುರ್ಚಿಗೂ ಬೆಲೆ ಕಟ್ಟಿದ್ದಾರೆ. ಲೈಲಾಕ್ ಬೇರೂರಿದ ಗಿಡ, ನೆಲದ ಭಾಗ, ಅದಕ್ಕೆ ಪ್ರತ್ಯೇಕ ಸಾಲಿಲ್ಲ. ಹೀಗೆ ಮನೆಯಾಕೆಯೂ ಆಕೆಯ ಗಿಡವೂ ಒಂದೇ ಕಾರಣಕ್ಕೆ ಕಾಗದದಿಂದ ಬಿಟ್ಟುಹೋದವು: ಇಬ್ಬರನ್ನೂ ಬೇರೆಯವರ ಸ್ವತ್ತಿನ ಅಂಗವೆಂದು ಎಣಿಸಲಾಗಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದೇ. ಲೈಲಾಕ್ ನೆಟ್ಟ ಬಗ್ಗೆ ನಮಗೆ ಸಿಗುವ ಖಚಿತವಾದ ಹಳೆಯ ಬರಹಗಳು ಗಂಡಸರವು. ಥಾಮಸ್ ಜೆಫರ್ಸನ್ 1767ರಲ್ಲಿ ತನ್ನ ತೋಟದ ಪುಸ್ತಕದಲ್ಲಿ ಲೈಲಾಕನ್ನು ದಾಖಲಿಸಿದ್ದಾನೆ. ಜಾರ್ಜ್ ವಾಷಿಂಗ್ಟನ್‌ನ 1785ರ ದಿನಚರಿಯಲ್ಲಿ ತನ್ನ ಮೌಂಟ್ ವರ್ನನ್ ತೋಟದ ಲೈಲಾಕುಗಳ ಮಾತಿದೆ. ಹಾಗಿದ್ದಮೇಲೆ ಹೆಂಗಸರ ಗಿಡವೆಂದು ಹೇಳುವುದು ಹೇಗೆ? ಆ ಇಬ್ಬರ ತೋಟಗಳಲ್ಲಿ ಗುಂಡಿ ತೋಡಿ, ಮಣ್ಣು ಹೊತ್ತು ದುಡಿದವರಲ್ಲಿ ಅವರ ಗುಲಾಮರಿದ್ದರು ಎಂಬುದನ್ನು ಮರೆಯಬಾರದು; ಬರೆದಿಟ್ಟವನೇ ನೆಟ್ಟವನಾಗಬೇಕೆಂದಿಲ್ಲ. ಅದಕ್ಕಿಂತ ಮುಖ್ಯವಾಗಿ, ದಿನಚರಿ ಬರೆದು ಅದು ಉಳಿದು ಬರುವ ಭಾಗ್ಯ ಎಷ್ಟು ಜನರದು? ಉಳಿದುಬಂದ ಒಂದು ಹೆಣ್ಣಿನ ದಿನಚರಿಯನ್ನು ವಾಷಿಂಗ್ಟನ್‌ನ ಅದೇ ವರ್ಷದ ದಿನಚರಿಯ ಪಕ್ಕದಲ್ಲಿಟ್ಟು ನೋಡಬಹುದು. ಮೇನ್‌ನ ಹ್ಯಾಲೊವೆಲ್ ಊರಿನ ಸೂಲಗಿತ್ತಿ ಮಾರ್ಥಾ ಬ್ಯಾಲರ್ಡ್ 1785ರ ಜನವರಿಯಲ್ಲಿ ಬರೆಯಲು ಶುರುಮಾಡಿ 1812ರವರೆಗೆ ಬಿಡದೆ ಬರೆದಳು. 800ಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕದ ಮಧ್ಯೆ ಆಕೆಯ ತೋಟದ ಕೆಲಸವೂ ವರ್ಷವರ್ಷವೂ ದಾಖಲಾಗಿದೆ: ಪಾತಿ ಮಾಡಿದ್ದು, ಬೀಜ ಬಿತ್ತಿದ್ದು, ಕೋಸಿನ ಸಸಿ ನೆಟ್ಟದ್ದು. ಚರಿತ್ರಕಾರ್ತಿ ಲಾರೆಲ್ ಥಾಚರ್ ಅಲ್ರಿಚ್ ಆ ದಿನಚರಿಯನ್ನು ಓದಿ 1990ರಲ್ಲಿ ಪುಸ್ತಕ ಬರೆಯುವ ತನಕ, ಅದರಲ್ಲಿ ಇರುವುದು ಬರೀ ಮನೆವಾರ್ತೆ ಎಂದು ಬದಿಗಿಡುತ್ತಿದ್ದರು. ಹೊಲ ಮತ್ತು ಮರದ ಕೆಲಸ ಗಂಡಸರದು, ಮನೆಗೆ ಅಂಟಿದ ತೋಟ ಹೆಂಗಸರದು ಎಂಬ ಹಂಚಿಕೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಲೈಲಾಕ್ ನಿಂತಿರುವುದು ಈ ಎರಡನೆಯ ಪಾಲಿನ ನೆಲದಲ್ಲಿ. ಇದು ಊಹೆಯ ಮೂಲಕ ತಲುಪುವ ತೀರ್ಮಾನವೆಂದು ಒಪ್ಪುತ್ತೇನೆ. ಆದರೆ ಚರಿತ್ರೆಯಲ್ಲಿ ಮಾತು ಸಿಗದವರ ಬಗ್ಗೆ ನಾವು ತಲುಪುವ ತೀರ್ಮಾನಗಳೆಲ್ಲ ಬಹುಮಟ್ಟಿಗೆ ಇದೇ ಬಗೆಯವು, ಅದಕ್ಕಾಗಿ ಅವರನ್ನು ಕೈಬಿಡುವುದು ಸರಿಯಲ್ಲ.

ಹೆನ್ರಿ ಡೇವಿಡ್ ಥೋರೊ 1854ರ ತನ್ನ 'ವಾಲ್ಡನ್' ಕೃತಿಯಲ್ಲಿ ಈ ವಿಷಯಕ್ಕೆ ಕೆಲವೇ ಸಾಲು ಕೊಟ್ಟಿದ್ದರೂ, ನನಗೆ ತಿಳಿದಂತೆ ಅದರಷ್ಟು ಸೂಕ್ಷ್ಮವಾದ ಸಾಕ್ಷ್ಯ ಬೇರೆ ಇಲ್ಲ. ಕಾಂಕರ್ಡ್ ಊರಿನ ಹೊರಗಿನ ಕಾಡಿನಲ್ಲಿ ಹಿಂದೆ ಬಾಳಿದವರ ಮನೆಗುಂಡಿಗಳ ಬಗ್ಗೆ ಬರೆಯುತ್ತ, ಬಾಗಿಲು ಹೊಸಿಲು ಹೋಗಿ ಒಂದು ತಲೆಮಾರು ಕಳೆದರೂ ಲೈಲಾಕ್ ಹೂಬಿಡುತ್ತಿರುವುದನ್ನು ಆತ ಗುರುತಿಸುತ್ತಾನೆ. ಅದನ್ನು ನೆಟ್ಟು ನೀರೆರೆದವರು ಮಕ್ಕಳು ಎನ್ನುತ್ತಾನೆ. ಹೆಂಗಸರು ಎಂಬ ನನ್ನ ಮಾತಿಗೆ ಇದು ತಿದ್ದುಪಡಿ, ನಾನು ಸಂತೋಷದಿಂದ ಸ್ವೀಕರಿಸುತ್ತೇನೆ. ಕ್ರಯಪತ್ರದಲ್ಲಿ ಹೆಸರಿಲ್ಲದವರ ಪಟ್ಟಿಗೆ ಮಕ್ಕಳೂ ಸೇರಿದವರೇ. ಅದೇ ಅಧ್ಯಾಯದಲ್ಲಿ ಆತ ಹೆಸರಿಸುವವರಲ್ಲಿ ಗುಲಾಮಗಿರಿಯಿಂದ ಹೊರಬಂದ ಬ್ರಿಸ್ಟರ್ ಫ್ರೀಮನ್, ಒಂಟಿಯಾಗಿ ನೂತು ಬದುಕಿದ ಜಿಲ್ಫಾ ಇದ್ದಾರೆ. ಊರಿನೊಳಗೆ ಜಾಗ ಸಿಗದೆ ಕಾಡಿನಂಚಿನ ಬರಡು ನೆಲದಲ್ಲಿ ಮನೆ ಮಾಡಿಕೊಂಡ ಕಪ್ಪುಜನ ಅವರು. ಮನೆಗುಂಡಿಯನ್ನೂ ಅಂಗಳದ ಗಿಡವನ್ನೂ ಹಿಡಿದು ಹೊರಟ ಬರಹಗಾರ ತಲುಪಿದ್ದು ಇಂಥವರನ್ನೇ, ಊರಿನ ಗಣ್ಯರನ್ನಲ್ಲ. ಹನ್ನೊಂದು ವರ್ಷದ ನಂತರ, ಅಧ್ಯಕ್ಷ ಲಿಂಕನ್ ಹತ್ಯೆಯಾದ 1865ರಲ್ಲಿ, ಕವಿ ವಾಲ್ಟ್ ವಿಟ್ಮನ್ ಆತನ ಕುರಿತ ಶೋಕಗೀತೆಗೆ ಅಂಗಳದ ಲೈಲಾಕನ್ನೇ ಮುಖ್ಯ ಪ್ರತಿಮೆಯಾಗಿ ಆರಿಸಿಕೊಂಡ. ಹಳೆಯ ಒಕ್ಕಲುಮನೆಯ ಮುಂದೆ ಈ ಗಿಡ ಇರುತ್ತದೆಂದು ಓದುಗರಿಗೆ ವಿವರಿಸಬೇಕಾದ ಅಗತ್ಯ ಅಷ್ಟು ಹೊತ್ತಿಗೆ ಉಳಿದಿರಲಿಲ್ಲ.

ಇನ್ನೊಂದು ಆಕ್ಷೇಪ ಕಕ್ಕಸಿನದು. ಲೈಲಾಕನ್ನು ನೆಟ್ಟದ್ದು ದುರ್ವಾಸನೆ ಮುಚ್ಚಲು, ಅದರಲ್ಲಿ ಭಾವನೆಯೇನೂ ಇಲ್ಲ ಎಂದು ಹೇಳುವವರಿದ್ದಾರೆ. ಕಕ್ಕಸಿನ ಬಳಿ ಲೈಲಾಕ್ ಇರುತ್ತಿದ್ದುದು ನಿಜ. ಆದರೆ ಈ ಗಿಡ ಹೂಬಿಡುವುದು ವರ್ಷಕ್ಕೆ ಎರಡು ಮೂರು ವಾರ, ಅದೂ ಮೇ ತಿಂಗಳ ತಂಪಿನಲ್ಲಿ. ವಾಸನೆ ತಡೆಯಲಾಗದ ಜುಲೈ, ಆಗಸ್ಟಿನ ಸೆಕೆಯಲ್ಲಿ ಅದರಲ್ಲಿ ಒಣಗಿದ ಕಾಯಿಗಳು ಮಾತ್ರ ಇರುತ್ತವೆ, ಎಲೆಗಳ ಮೇಲೆ ಬೂಜಿನ ಬಿಳಿಪುಡಿ ಕೂತಿರುತ್ತದೆ. ವಾಸನೆಗೆ ಅದು ಮದ್ದಾಗುವಂತಿರಲಿಲ್ಲ; ಒತ್ತಾದ ಎಲೆಗಳ ಮರೆಯಾಗಬಲ್ಲದಾಗಿತ್ತು. ಮರೆ ಬೇಕಾದದ್ದು ಯಾರಿಗೆ ಎಂದು ಕೇಳಿಕೊಂಡರೆ ಮತ್ತೆ ಮನೆಯ ಹೆಣ್ಣುಮಕ್ಕಳ ಬಳಿಗೇ ಬರುತ್ತೇವೆ. ಉಪಯೋಗಕ್ಕೆ ನೆಟ್ಟರೆ ಪ್ರೀತಿಯಿಲ್ಲ, ಪ್ರೀತಿಯಿಂದ ನೆಟ್ಟರೆ ಉಪಯೋಗವಿಲ್ಲ ಎಂಬ ವಿಂಗಡಣೆ ಹಳ್ಳಿಮನೆಯ ಬದುಕಿಗೆ ಹೊಂದುವಂಥದ್ದಲ್ಲ. ಪಶ್ಚಿಮದ ಬಯಲುಸೀಮೆಯಲ್ಲಿ ಇದು ಇನ್ನೂ ಸ್ಪಷ್ಟ. 1862ರ ಹೋಮ್‌ಸ್ಟೆಡ್ ಕಾಯಿದೆಯಡಿ ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ಸಿಗುತ್ತಿತ್ತು. ಮರವೇ ಇಲ್ಲದ ಆ ಬಯಲಿನಲ್ಲಿ ಲೈಲಾಕ್ ಸಾಲು ಗಾಳಿಗೂ ಹಿಮರಾಶಿಗೂ ಅಡ್ಡಗೋಡೆಯಾಗಿತ್ತು, ಜೊತೆಗೆ ಬಿಟ್ಟುಬಂದ ತಾಯಿಮನೆಯ ಹೂವೂ ಆಗಿತ್ತು.

ಗಿಡವನ್ನು ದಾಖಲೆಯೆಂದು ಕರೆಯುವಾಗ ಅದರ ಮಿತಿಯನ್ನೂ ಹೇಳಬೇಕು. ಲೈಲಾಕ್ ನೋಡಿ ಮನೆಯ ವಯಸ್ಸು ಹೇಳಲಾಗುವುದಿಲ್ಲ. ಮೂಲ ಕಾಂಡ ಎಂದೋ ಸತ್ತಿರುವುದರಿಂದ ಉಂಗುರ ಎಣಿಸಿ ಪ್ರಯೋಜನವಿಲ್ಲ. ಮನೆ ಕಟ್ಟಿ ಐವತ್ತು ವರ್ಷದ ಮೇಲೆ ಸೊಸೆಯೊಬ್ಬಳು ತಂದು ನೆಟ್ಟದ್ದೂ ಇರಬಹುದು. ಶಾಲೆ, ಸ್ಮಶಾನ, ಚರ್ಚಿನ ಅಂಗಳಗಳಲ್ಲೂ ಅದನ್ನು ನೆಡುತ್ತಿದ್ದರು. ಆದ್ದರಿಂದ ಪುರಾತತ್ವ ಬಲ್ಲವರು ಅದನ್ನು ಒಂಟಿಯಾಗಿ ಓದುವುದಿಲ್ಲ: ಹಳೆಯ ಸೇಬಿನ ಮರ, ನೆಲಕ್ಕೆ ಹಬ್ಬಿದ ನಿತ್ಯಹಸುರಿನ ವಿಂಕಾ ಬಳ್ಳಿ, ಕಿತ್ತಳೆ ಬಣ್ಣದ ಡೇ ಲಿಲಿ, ಕಲ್ಲುಬೇಲಿ, ಬಾವಿ ಇವುಗಳ ಜೊತೆಗಿಟ್ಟು ಮನೆ ಯಾವ ಕಡೆ ಮುಖಮಾಡಿತ್ತು, ಅಂಗಳ ಎಲ್ಲಿತ್ತು ಎಂದು ಕಟ್ಟಿಕೊಳ್ಳುತ್ತಾರೆ. ನರ್ಸರಿಗಳು ಲೈಲಾಕ್ ಮಾರುತ್ತಿರಲಿಲ್ಲವೇ ಎಂದೂ ಕೇಳಬಹುದು. ಮಾರುತ್ತಿದ್ದವು. ಫ್ರಾನ್ಸಿನ ನಾನ್ಸಿ ಊರಿನಲ್ಲಿ ವಿಕ್ಟರ್ ಲೆಮ್ವಾನ್ 1870ರ ದಶಕದಿಂದ ಬೆಳೆಸಿದ ಸುತ್ತುಸುತ್ತು ದಳದ ಹೊಸ ತಳಿಗಳು ಶ್ರೀಮಂತರ ತೋಟಗಳಿಗೆ ದೊಡ್ಡ ಬೇಡಿಕೆಯಲ್ಲಿ ಹೋದವು. ಆತನ ಕಣ್ಣು ಮಂದವಾಗಿದ್ದರಿಂದ ಆ ಸಣ್ಣ ಹೂಗಳಿಗೆ ಪರಾಗ ಮುಟ್ಟಿಸುವ ಕೆಲಸ ಮಾಡಿದ್ದು ಹೆಂಡತಿ. ತಳಿಗಳು ಮಾತ್ರ ಗಂಡನ ಹೆಸರಿನಲ್ಲಿ ಪ್ರಸಿದ್ಧ. ಆದರೆ ನರ್ಸರಿಯವರು ಲೈಲಾಕನ್ನು ಎಷ್ಟೋ ಸಲ ಪ್ರಿವೆಟ್ ಎಂಬ ಇನ್ನೊಂದು ಗಿಡದ ಬೇರಿಗೆ ಕಸಿ ಕಟ್ಟಿ ಮಾರುತ್ತಿದ್ದರು. ಅಂಥ ಗಿಡದ ಬೇರಿನಿಂದ ಏಳುವುದು ಪ್ರಿವೆಟ್ಟೇ. ಕಾಡಿನಲ್ಲಿ ಉಳಿದಿರುವುದು ಬಹುಪಾಲು ನಾಲ್ಕೇ ದಳದ, ಮಾಮೂಲಿ ನೇರಳೆ ಬಣ್ಣದ, ಸ್ವಂತ ಬೇರಿನ ಹಳೆಯ ಲೈಲಾಕ್. ಹಿತ್ತಿಲಿನಿಂದ ಹಿತ್ತಿಲಿಗೆ ಕಂದಾಗಿ ಹೋದ ಗಿಡದ ಗುರುತು ಅದು.

ಈ ಹಂಚಿಕೆ ಎಷ್ಟು ಅಗಲಕ್ಕೆ ಹಬ್ಬಿತ್ತು ಎಂಬುದಕ್ಕೆ ವಿಜ್ಞಾನದ ಕಡೆಯಿಂದ ಒಂದು ಸಾಕ್ಷ್ಯವಿದೆ. 1950ರ ದಶಕದಲ್ಲಿ ಮೊಂಟಾನಾದ ಹವಾಮಾನ ತಜ್ಞ ಜೋಸೆಫ್ ಕ್ಯಾಪ್ರಿಯೊ ವಸಂತ ಎಲ್ಲೆಲ್ಲಿ ಯಾವಾಗ ಕಾಲಿಡುತ್ತದೆಂದು ಅಳೆಯಲು ಹೊರಟಾಗ, ಪಶ್ಚಿಮ ರಾಜ್ಯಗಳ ಉದ್ದಗಲಕ್ಕೂ ಮನೆಯಂಗಳಗಳಲ್ಲಿ ಸಿಗುವ ಗಿಡವೊಂದು ಬೇಕಿತ್ತು. ಆತ ಆರಿಸಿದ್ದು ಲೈಲಾಕ್. ತೋಟಗಾರಿಕೆ ಸಂಘಗಳ ಸದಸ್ಯರು ಮೊದಲ ಹೂವಿನ ದಿನವನ್ನು ಬರೆದು ಕಳಿಸುತ್ತಿದ್ದರು. ಹಿತ್ತಿಲ ಗಿಡಗಳ ನಡುವೆ ತಳಿಯ ವ್ಯತ್ಯಾಸ ಇರುತ್ತದೆಂಬ ಕಾರಣಕ್ಕೆ ಪೂರ್ವದ ರಾಜ್ಯಗಳಲ್ಲಿ ಮುಂದೆ ಒಂದೇ ತಾಯಿಗಿಡದಿಂದ ಪಡೆದ ತದ್ರೂಪು ಗಿಡಗಳನ್ನು ಹಂಚಲಾಯಿತು. ಅಮೆರಿಕದಲ್ಲಿ ವಸಂತ ಹಿಂದಿಗಿಂತ ಬೇಗ ಬರುತ್ತಿದೆ ಎಂಬುದನ್ನು ತೋರಿಸಲು ಬಳಸುವ ಮಾಹಿತಿಯಲ್ಲಿ ಆ ಟಿಪ್ಪಣಿಗಳಿಗೆ ಮಹತ್ವದ ಸ್ಥಾನವಿದೆ.

ಕೊಟ್ಟದ್ದು ಮರಳಿ ಬಂದ ಉದಾಹರಣೆಯೂ ಉಂಟು. ವಾಷಿಂಗ್ಟನ್ ರಾಜ್ಯದ ವುಡ್‌ಲ್ಯಾಂಡ್ ಎಂಬಲ್ಲಿ ಹುಲ್ಡಾ ಕ್ಲಾಗರ್ ಎಂಬ ರೈತ ಮಹಿಳೆ 1905ರಿಂದ ತನ್ನ ಮನೆಯಂಗಳದಲ್ಲಿ ಲೈಲಾಕ್ ತಳಿಗಳನ್ನು ಬೆಳೆಸಿ, ಹೂ ಬಿಡುವ ವಾರದಲ್ಲಿ ಊರವರಿಗೆಲ್ಲ ತೋಟ ತೆರೆದಿಡುತ್ತಿದ್ದಳು. 1948ರ ಕೊಲಂಬಿಯಾ ನದಿಯ ಪ್ರವಾಹದಲ್ಲಿ ತೋಟ ಪೂರ್ತಿ ಮುಳುಗಿ, ಲೈಲಾಕುಗಳು ಸತ್ತವು. ಆಕೆಗೆ ಆಗ 80 ದಾಟಿತ್ತು. ಹಿಂದೆ ಆಕೆಯಿಂದ ಗಿಡ ಒಯ್ದಿದ್ದವರು ತಮ್ಮ ತಮ್ಮ ಹಿತ್ತಿಲಿನಿಂದ ಅದೇ ತಳಿಗಳ ಕಂದುಗಳನ್ನು ತಂದುಕೊಟ್ಟರು, ತೋಟ ಮತ್ತೆ ಎದ್ದಿತು. ಇಂದಿಗೂ ಅದು ಸಾರ್ವಜನಿಕರಿಗೆ ತೆರೆದಿದೆ. ಕೈಯಿಂದ ಕೈಗೆ ಹೋಗುವ ಗಿಡಕ್ಕೆ ಇರುವ ಬಲ ಇದು: ಒಬ್ಬರ ಅಂಗಳದಲ್ಲಿ ನಾಶವಾದದ್ದು ನೂರು ಅಂಗಳಗಳಲ್ಲಿ ಉಳಿದಿರುತ್ತದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಈ ಒಕ್ಕಲುಮನೆಗಳು ನಿಂತ ನೆಲ ಅಬೆನಕಿ, ನಿಪ್‌ಮಕ್ ಮೊದಲಾದ ಮೂಲನಿವಾಸಿಗಳದ್ದಾಗಿತ್ತು. ಬಯಲುಸೀಮೆಯ 160 ಎಕರೆಗಳೂ ಹಾಗೆಯೇ ಯಾರಿಂದಲೋ ಕಿತ್ತುಕೊಂಡವು. ಹೊರಗಿನಿಂದ ಬಂದವರ ಹೂವನ್ನು ಆ ನೆಲದ ಆತ್ಮವೆಂಬಂತೆ ಮೆರೆಸುವುದು ನ್ಯಾಯವೇ? ನ್ಯೂ ಹ್ಯಾಂಪ್‌ಶೈರ್ 1919ರಲ್ಲಿ ಸ್ಥಳೀಯವಾದ ಹಲವು ಹೂಗಳನ್ನು ಬಿಟ್ಟು ನೇರಳೆ ಲೈಲಾಕನ್ನು ರಾಜ್ಯಪುಷ್ಪವಾಗಿ ಆರಿಸಿದಾಗ, ಅದು ಆ ಜನರ ಗಟ್ಟಿತನದ ಪ್ರತೀಕ ಎಂಬ ಕಾರಣ ಕೊಟ್ಟಿತು. ನನಗೆ ಆ ಹೆಮ್ಮೆಯಲ್ಲಿ ಪಾಲಿಲ್ಲ. ಲೈಲಾಕ್ ಹೇಳುವುದು ಒಂದೂವರೆ ಎರಡು ಶತಮಾನದ ಒಂದು ಪದರದ ಕಥೆಯನ್ನು ಮಾತ್ರ, ಅದರ ಅಡಿಯಲ್ಲಿ ಸಾವಿರಾರು ವರ್ಷಗಳ ಬೇರೆ ಪದರಗಳಿವೆ. ವಲಸೆಗಾರರು ಎಲ್ಲಿ ನೆಲ ಹಿಡಿದರು, ಎಷ್ಟು ಕಾಲ ನಿಂತರು, ಎಲ್ಲಿಂದ ಎದ್ದುಹೋದರು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ಗುರುತುಮಾಡಿ ತೋರಿಸುವ ಗಿಡ ಇರುವುದರಿಂದಲೇ, ಅದನ್ನು ಕಿತ್ತುಹಾಕುವುದಕ್ಕಿಂತ ಸರಿಯಾಗಿ ಓದುವುದು ಮೇಲು. ಪರಕೀಯ ಸಸ್ಯಗಳನ್ನು ತೆಗೆಯುವ ಉತ್ಸಾಹದಲ್ಲಿ ಇದನ್ನೂ ಸೇರಿಸಬೇಕೆನ್ನುವವರಿಗೆ ಹೇಳಬೇಕಾದದ್ದು ಒಂದಿದೆ: ಲೈಲಾಕ್ ಬೀಜದಿಂದ ಕಾಡಿಗೆ ನುಗ್ಗುವುದು ಕಡಿಮೆ. ನೆಟ್ಟ ಜಾಗದಿಂದ ಕಂದಿನ ಮೂಲಕ ಕೆಲವು ಅಡಿ ಸರಿಯುತ್ತದೆ, ಅಷ್ಟೆ.

ಅದಕ್ಕಿರುವ ನಿಜವಾದ ಅಪಾಯ ನೆರಳು. ಬಿಸಿಲು ಬೇಡುವ ಗಿಡ ಇದು. ಮೇಲೆ ಮೇಪಲ್, ಪೈನ್‌ಗಳ ಚಾವಣಿ ಮುಚ್ಚಿಕೊಂಡಂತೆ ಮೊದಲು ಹೂ ನಿಲ್ಲುತ್ತದೆ, ಆಮೇಲೆ ವರ್ಷಗಟ್ಟಲೆ ಬರೀ ಎಲೆಯಲ್ಲಿ ಜೀವ ಹಿಡಿದಿದ್ದು, ಒಂದು ದಿನ ಸಾಯುತ್ತದೆ. ಹೂ ಬಿಡದ ಲೈಲಾಕನ್ನು ಗುರುತಿಸುವವರು ಕಡಿಮೆ, ಗುರುತಿಸದ್ದನ್ನು ಉಳಿಸುವವರು ಇನ್ನೂ ಕಡಿಮೆ. ಕಾಡು, ಉದ್ಯಾನಗಳನ್ನು ನೋಡಿಕೊಳ್ಳುವ ಸಂಸ್ಥೆಗಳು ಮನೆಗುಂಡಿ, ಕಲ್ಲುಬೇಲಿಗಳನ್ನು ನಕ್ಷೆಯಲ್ಲಿ ಗುರುತಿಸುವಾಗ ಪಕ್ಕದ ಪೊದೆಯನ್ನೂ ಬರೆದುಕೊಳ್ಳಬೇಕು, ಅದರ ದಕ್ಷಿಣಕ್ಕಿರುವ ಒಂದೆರಡು ಮರ ತೆಗೆದು ಬಿಸಿಲು ಬೀಳುವಂತೆ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಸತ್ತ ಕಾಂಡಗಳನ್ನು ಬುಡದವರೆಗೆ ಕಡಿದರೆ ಕಂದುಗಳು ಮೂರು ನಾಲ್ಕು ವರ್ಷದಲ್ಲಿ ಮತ್ತೆ ಹೂಬಿಡುತ್ತವೆ. ಅಲ್ಲಿರುವ ಓದುಗರು ಇಂಥ ಪೊದೆಯನ್ನು ಕಂಡರೆ, ಅಪ್ಪಣೆಯಿಲ್ಲದೆ ಅಗೆಯಬೇಡಿ. ಗುಂಡಿಯ ಯಾವ ಬದಿಗೆ ಅದಿದೆ, ಬಾವಿ ಎಷ್ಟು ದೂರ, ಹೂವು ಬಿಟ್ಟಿದ್ದರೆ ತಾರೀಖು ಯಾವುದು ಎಂದು ಬರೆದುಕೊಂಡು ಆ ಊರಿನ ಇತಿಹಾಸ ಸಂಘಕ್ಕೆ ತಿಳಿಸಿ. ಅವರ ಬಳಿ ಯಜಮಾನರ ಹೆಸರಿರುವ ಹಳೆಯ ನಕ್ಷೆ ಇರುತ್ತದೆ. 1850ರ ನಂತರದ ಜನಗಣತಿಯ ಹಾಳೆಯೊಂದಿಗೆ ಅದನ್ನು ಹೊಂದಿಸಿ ನೋಡಿದರೆ, ಆ ಮನೆಯ ಹೆಂಡತಿ, ಮಕ್ಕಳ ಹೆಸರುಗಳನ್ನು ಹುಡುಕಲು ಸಾಧ್ಯವಿದೆ.